ಗಂಟೆಗೆ ಹಿಡಿದ ಮಳೆ

ಕಂಪ್ಯೂಟರ್ ಮೇಷ್ಟ್ರಿಗೆ ಲೋಕದಲ್ಲಿ ಯಾರ ಮೇಲೂ ಹಗೆಯಿರಲಿಲ್ಲ. ಷಡ್ಡಕ ಎಂಬ ಸಂಬಂಧವೊಂದು ಇಲ್ಲದಿದ್ದಿದ್ದರೆ ಅವರು ಈ ಹೊತ್ತಿಗೆ ಸಂತರ ಸಾಲಿಗೆ ಸೇರಿರುತ್ತಿದ್ದರು. ಆದರೆ ಅವರ ಹೆಂಡತಿಗೆ ಒಬ್ಬಳು ತಂಗಿಯಿದ್ದಳು, ಆ ತಂಗಿಗೊಬ್ಬ ಗಂಡನಿದ್ದ, ಆ ಗಂಡ ಲಿಫ್ಟ್ ತಯಾರಿಸುವ ಕಂಪನಿಯೊಂದರಲ್ಲಿ ಪ್ರೋಗ್ರಾಂ ಬರೆಯುತ್ತಿದ್ದ. ಸಾಲದ್ದಕ್ಕೆ, ಊಟಕ್ಕೆ ಕರೆದಾಗಲೆಲ್ಲ ಅತ್ತೆಯವರು ಇಬ್ಬರು ಅಳಿಯಂದಿರನ್ನೂ ಎದುರುಬದುರಾಗಿಯೇ ಕೂರಿಸುತ್ತಿದ್ದರು.

ಆ ಶುಕ್ರವಾರ ಸಂಜೆ ಧೋ ಎಂದು ಮಳೆ. ಮೇಷ್ಟ್ರು ಅರ್ಧ ನೆನೆದು ಮಾವನವರ ಮನೆ ಸೇರಿದರು. ಷಡ್ಡಕ ಒಣಗಿದ ಬಟ್ಟೆಯಲ್ಲಿ ಆಗಲೇ ತಟ್ಟೆಯ ಮುಂದೆ ಕೂತಿದ್ದ.

"ಭಾವ, ನಿಮ್ಮ ಸ್ಕೂಲಲ್ಲಿ ಗಂಟೆ ಇನ್ನೂ ಕಂಪ್ಯೂಟರೇ ಹೊಡೆಯುತ್ತಾ?"

"ಹೊಡೆಯುತ್ತೆ. ಹದಿನಾಲ್ಕು ವರ್ಷ ಆಯ್ತು. ಒಂದು ದಿನ ತಪ್ಪಿಲ್ಲ."

"ಯಾವುದರಲ್ಲಿ ಬರೆದಿದೀರಿ?"

"ಸ್ಕ್ರಿಪ್ಟು."

"ಓ, ಸ್ಕ್ರಿಪ್ಟಾ!"

ಎದುರಿಗಿರುವ ಗೃಹಸ್ಥ ನಲವತ್ತೈದನೇ ವಯಸ್ಸಿನಲ್ಲೂ ಮೂರು ಗಾಲಿಯ ಸೈಕಲ್ ತುಳಿಯುತ್ತಾನೆ ಎಂದು ಗೊತ್ತಾದಾಗ ಬಾಯಿಂದ ಬರುವ 'ಓ' ಅದು. ಮಾವನವರಿಗೆ ಕುತೂಹಲ ಕೆರಳಿತು. ಹಾಗಂದರೇನು ಎಂದು ಕೇಳಿದರು. ಷಡ್ಡಕ ಚಮಚ ಎತ್ತಿ ಹಿಡಿದು ಪಾಠ ಶುರುಮಾಡಿದ.

"ನೋಡಿ ಮಾವ, ಸ್ಕ್ರಿಪ್ಟು ಅಂದ್ರೆ ಬರೀ ಚೀಟಿ. ಎಂಜಿನ್ ಅಂತ ಒಬ್ಬ ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಓದಿ ಮೆಷಿನ್‌ಗೆ ಅರ್ಥ ಹೇಳ್ತಾನೆ. ಅವನು ಓದಬೇಕು, ಇದು ಮಾಡಬೇಕು. ದಿನಾ ಅದೇ ಚೀಟಿ, ದಿನಾ ಹೊಸದಾಗಿ ಓದೋದು. ನೇಟಿವ್ ಅಂದ್ರೆ ಹಾಗಲ್ಲ. ಕಂಪೈಲರ್ ಒಂದೇ ಸಲ ಎಲ್ಲಾ ಓದಿ, ಮೆಷಿನ್ ಭಾಷೆಗೇ ಇಳಿಸಿ, ಗಟ್ಟಿ ಮಾಡಿ ಕೊಟ್ಟುಬಿಡುತ್ತೆ. ಆಮೇಲೆ ಓದೋ ಮಾತೇ ಇಲ್ಲ, ಬಾಯಿಪಾಠ! ನಮ್ಮ ಲಿಫ್ಟು ಮಹಡಿ ಮಹಡಿಗೂ ನಿಂತು ಚೀಟಿ ತೆಗೆದು 'ಮುಂದೇನಪ್ಪಾ' ಅಂತ ಓದ್ತಾ ಕೂತ್ರೆ ಯಾರು ಹತ್ತುತಾರೆ?"

ಮಾವನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆಯವರು ಅರ್ಥವಾಗದಿದ್ದರೂ ನಕ್ಕರು. ಮೇಷ್ಟ್ರ ಕಿವಿ ಕೆಂಪಾಯಿತು.

"ನಾನೂ ನೇಟಿವ್ ಮಾಡಬೇಕು ಅಂತಲೇ ಇದ್ದೆ," ಎಂದರು. "ಪುರುಸೊತ್ತು ಸಿಕ್ಕಿರಲಿಲ್ಲ."

ಹೆಂಡತಿ ತಲೆಯೆತ್ತಿ ಅವರ ಮುಖ ನೋಡಿದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಇಂಥ ಮಾತು ಕೇಳಿದಾಗಲೆಲ್ಲ ಮನೆಯಲ್ಲಿ ಒಂದಲ್ಲ ಒಂದು ಸಾಮಾನು ಕೆಟ್ಟಿತ್ತು.

ಈಗ ಆ ಗಂಟೆಯ ಹಿಂದಿನ ಸಂಗತಿ ಸ್ವಲ್ಪ ಹೇಳಲೇಬೇಕು. ಹಳೆಯ ಕಾಲದಲ್ಲಿ ಶಾಲೆಯ ಗಂಟೆ ಬಾರಿಸುತ್ತಿದ್ದವನು ಒಬ್ಬ ಜವಾನ. ಅವನ ನಿಜವಾದ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಇತ್ತು. ಹೆಡ್‌ಮಿಸ್ಸಿನಿಂದ ಹಿಡಿದು ಒಂದನೇ ಕ್ಲಾಸಿನ ಮಗುವಿನವರೆಗೆ ಎಲ್ಲರೂ ಅವನನ್ನು ಗಂಟೆಯಣ್ಣ ಎಂದೇ ಕರೆಯುತ್ತಿದ್ದರು. ಹದಿನಾಲ್ಕು ವರ್ಷದ ಹಿಂದೆ ಅವನ ಭುಜ ಹಿಡಿದುಕೊಂಡಿತು, ಕೈ ಮೇಲೇಳದಾಯಿತು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಮೇಷ್ಟ್ರು ಆಗ ಮೆಟ್ಟಿಲ ಕೆಳಗಿನ ಸಂದಿಯಲ್ಲಿ, ಪೆಟ್ಟಿಗೆಯಷ್ಟು ದಪ್ಪ ಮಾನಿಟರಿನ ಒಂದು ಕಂಪ್ಯೂಟರ್ ಇಟ್ಟು, ಒಂಬತ್ತು ಸಾಲಿನ ಸ್ಕ್ರಿಪ್ಟ್ ಬರೆದು, ಕಟ್ಟಡದ ಸ್ಪೀಕರುಗಳಿಗೆ ಜೋಡಿಸಿದರು. ಗಂಟೆಯಣ್ಣನಿಗೂ ತಿಳಿಯಲೆಂದು ಎಲ್ಲವನ್ನೂ ಕನ್ನಡದಲ್ಲೇ ಬರೆದರು.

"ಏನಾದ್ರೂ ಬದಲಾಯಿಸಬೇಕು ಅಂದ್ರೆ ಈ ಫೈಲು ತೆಗೀರಿ. ಒಂದು ಸಾಲು ಸೇರಿಸಿ, ಪಕ್ಕದಲ್ಲಿ ಯಾಕೆ ಅಂತ ಒಂದು ಮಾತು ಬರೀರಿ. ಎಂಜಿನ್ ಹತ್ತು ಸೆಕೆಂಡಿಗೊಂದು ಸಲ ಓದ್ಕೊಳ್ಳುತ್ತೆ. ಅಷ್ಟೇ."

ಅಷ್ಟೇ ಎಂದು ಮೇಷ್ಟ್ರು ಲ್ಯಾಬಿಗೆ ಹೋದರು. ಹೋದವರು ಮತ್ತೆ ಆ ಫೈಲು ತೆರೆದು ನೋಡಲಿಲ್ಲ. ತಾವು ಬರೆದದ್ದನ್ನು ತಾವೇ ಓದುವ ಅಭ್ಯಾಸ ಆ ಕಸುಬಿನಲ್ಲಿ ಯಾರಿಗೂ ಇಲ್ಲ. ಆದರೆ ಗಂಟೆಯಣ್ಣ ದಿನವೂ ತೆರೆದ. ಬೆಳಗ್ಗೆ ಬಂದವನೇ ಹೆಗಲ ಮೇಲಿನ ಬಟ್ಟೆಯಿಂದ ಕೀಬೋರ್ಡ್ ಒರೆಸಿ, ಎರಡು ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದ. ಮಳೆ ಬಂದರೆ ಫೈಲಿನ ತಲೆಯಲ್ಲಿ 'ಮಳೆ = ಹೌದು' ಎಂದು ಹಾಕುವುದು. ಆಗ ಆಟದ ಪಿರಿಯಡ್ಡಿನ ಗಂಟೆ ಬಾರಿಸುವುದಿಲ್ಲ, ಮಕ್ಕಳು ವರಾಂಡದಲ್ಲೇ ಕೂತು ತಿನ್ನಲೆಂದು ಊಟದ ಗಂಟೆ ಉದ್ದ ಹೊಡೆಯುತ್ತದೆ, ಸಂಜೆಯ ಗಂಟೆ ಐದು ನಿಮಿಷ ತಡ. ಮಳೆ ನಿಂತರೆ 'ಇಲ್ಲ' ಎಂದು ತಿದ್ದುವುದು. ಬರಬರುತ್ತಾ ಟೀಚರುಗಳೂ, ಅಡುಗೆಯಾಕೆಯೂ, ತೋಟದವನೂ ಮೆಟ್ಟಿಲ ಕೆಳಗೆ ಬಗ್ಗಿ ನಿಂತು, "ಗಂಟೆಯಣ್ಣ, ನಂದೂ ಒಂದು ಸಾಲು" ಎನ್ನತೊಡಗಿದರು. ಒಂಬತ್ತಿದ್ದದ್ದು ಇನ್ನೂರು ದಾಟಿತು. ಆ ಫೈಲು ಶಾಲೆಯ ಹದಿನಾಲ್ಕು ವರ್ಷದ ದಿನಚರಿಯೇ ಆಗಿತ್ತು. ಈಗ ಗಂಟೆಯಣ್ಣನ ನಿವೃತ್ತಿಗೆ ಒಂದೇ ತಿಂಗಳು ಉಳಿದಿತ್ತು. ಹೋಗುವ ಮುಂಚೆ ಫೈಲನ್ನು ಚೊಕ್ಕ ಮಾಡಿ ಯಾರದಾದರೂ ಕೈಗೆ ಒಪ್ಪಿಸಿ ಹೋಗಬೇಕೆನ್ನುವುದೊಂದೇ ಅವನ ಆಸೆ.

ಮೇಷ್ಟ್ರಿಗೆ ಇದ್ಯಾವುದೂ ನೆನಪಿಗೆ ಬರಲಿಲ್ಲ. ನೆನಪಿದ್ದದ್ದು ಆ 'ಓ' ಒಂದೇ. ಶನಿವಾರ ರಜೆ. ಶಾಲೆಯ ಬೀಗ ತೆಗೆಸಿ, ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, 'ಸುಮ್ಮನೆ ಈ ಕಡೆ ಬಂದಿದ್ದೆ' ಎನ್ನುತ್ತಾ ಷಡ್ಡಕನ ಮನೆಗೇ ಹೋದರು. ಷಡ್ಡಕ ಒಂದು ಕೈಯಲ್ಲಿ ಟೀ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಅರ್ಧ ಗಂಟೆಯೊಳಗೆ ಎಲ್ಲವನ್ನೂ ನೇಟಿವ್ ಮಾಡಿ ಬೇರೊಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟ. ಭಾನುವಾರ ಮೇಷ್ಟ್ರು ಮೆಟ್ಟಿಲ ಕೆಳಗೆ ನುಸುಳಿ ಹೊಸದನ್ನು ಕೂರಿಸಿದರು. ಸ್ಕ್ರಿಪ್ಟಿನ ವಾಸನೆಯೂ ಉಳಿಯಬಾರದೆಂದು ಹಳೆಯ ಫೈಲು, ಎಂಜಿನ್ನು ಎಲ್ಲವನ್ನೂ ಅಳಿಸಿ ಕಂಪ್ಯೂಟರನ್ನು ಥಳಥಳ ಮಾಡಿಬಿಟ್ಟರು.

ಸೋಮವಾರ ಬೆಳಗಿನ ಪ್ರಾರ್ಥನೆಯಲ್ಲಿ ಹೆಡ್‌ಮಿಸ್ ಮೈಕು ಹಿಡಿದು ವಿಷಯ ಪ್ರಕಟಿಸಿದರು. ಮೇಷ್ಟ್ರು ಎರಡು ಮಾತಾಡಿದರು.

"ಮೊದಲು ಎಂಜಿನ್ ಓದಿ ಗಂಟೆ ಹೊಡೆಯೋಕೆ ಕಾಲು ಸೆಕೆಂಡ್ ತಡ ಆಗ್ತಿತ್ತು. ಇನ್ನು ಮುಂದೆ ತಡವೇ ಇಲ್ಲ!"

ಲೆಕ್ಕದ ಮೇಷ್ಟ್ರು ಅಲ್ಲೇ ಬೆರಳು ಮಡಿಸಿದರು. "ದಿನಕ್ಕೆ ಒಂಬತ್ತು ಗಂಟೆ, ವರ್ಷಕ್ಕೆ ಇನ್ನೂರು ದಿನ. ವರ್ಷಕ್ಕೆ ಏಳೂವರೆ ನಿಮಿಷ ಉಳೀತು. ಅದನ್ನ ಎಲ್ಲಿ ಇಟ್ಕೊಳ್ಳೋದು ಸಾರ್?"

ಅಸೂಯೆ ಎಂದುಕೊಂಡರು ಮೇಷ್ಟ್ರು.

ಪ್ರಾರ್ಥನೆ ಮುಗಿಸಿ ಬಂದಾಗ ಗಂಟೆಯಣ್ಣ ತನ್ನ ಸ್ಟೂಲಿನ ಮೇಲೆ ಕೂತು ಪರದೆ ನೋಡುತ್ತಿದ್ದ.

"ಮೇಷ್ಟ್ರೇ, ಫೈಲು ಕಾಣ್ತಿಲ್ಲ."

"ಇನ್ನು ಫೈಲು ಬೇಡ ಗಂಟೆಯಣ್ಣ. ಅದೆಲ್ಲ ಒಳಗೇ ಸೇರಿಹೋಗಿದೆ. ನೀವು ಆರಾಮಾಗಿ ಕೂತ್ಕೊಳ್ಳಿ."

"ಒಳಗೆ ಸೇರಿದ್ದನ್ನ ತಿದ್ದೋದು ಹೇಗೆ?"

"ತಿದ್ದೋದೇ ಬೇಡ. ಅದೇ ಅದರ ವಿಶೇಷ."

"ಸರಿ," ಎಂದ ಗಂಟೆಯಣ್ಣ. ಆಮೇಲೆ ಎಂದಿನಂತೆ ಕೀಬೋರ್ಡ್ ಒರೆಸಿದ. ಮೇಷ್ಟ್ರು ಯಾಕೋ ಅಲ್ಲಿ ನಿಲ್ಲಲಾಗದೆ ಲ್ಯಾಬಿನ ಕಡೆ ನಡೆದರು.

ಊಟದ ಹೊತ್ತಿಗೆ ಗಂಟೆ ಉದ್ದಕ್ಕೆ ಹೊಡೆಯಿತು. ಹೊರಗೆ ಬಿಸಿಲು ರಣಗುಟ್ಟುತ್ತಿತ್ತು. ಮಕ್ಕಳು ಅಭ್ಯಾಸಬಲದಿಂದ ವರಾಂಡದಲ್ಲೇ ಸಾಲಾಗಿ ಕೂತು ಒಣ ಅಂಗಳವನ್ನು ನೋಡುತ್ತಾ ತಿಂದರು. ಮಧ್ಯಾಹ್ನ ಆಟದ ಗಂಟೆ ಬಾರಿಸಲೇ ಇಲ್ಲ. ಕತ್ತಿನಲ್ಲಿ ಸೀಟಿ ನೇತುಹಾಕಿಕೊಂಡು ಮೈದಾನದ ನಡುವೆ ನಿಂತಿದ್ದ ಆಟದ ಮೇಷ್ಟ್ರು ಇಪ್ಪತ್ತು ನಿಮಿಷ ಒಬ್ಬರೇ ನಿಂತಿದ್ದು ಒಳಗೆ ಬಂದರು. ಸಂಜೆಯ ಗಂಟೆ ಐದು ನಿಮಿಷ ತಡ. ಗೇಟಿನ ಹೊರಗೆ ತಾಯಂದಿರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

ಮೇಷ್ಟ್ರು ಮೆಟ್ಟಿಲ ಕೆಳಗೆ ಓಡಿದರು.

"ಗಂಟೆಯಣ್ಣ, ಶುಕ್ರವಾರ ಮಳೆ ಅಂತ ಹಾಕಿದ್ದನ್ನ ತೆಗೆದಿದ್ರಿ ತಾನೆ?"

"ಶುಕ್ರವಾರ ಮನೆಗೆ ಹೋಗೋವಾಗ್ಲೂ ಸುರೀತಿತ್ತಲ್ಲ ಮೇಷ್ಟ್ರೇ. ಸೋಮವಾರ ಬಂದು ತೆಗೆಯೋಣ ಅಂತಿದ್ದೆ. ಬಂದು ನೋಡಿದ್ರೆ ಫೈಲೇ ಇಲ್ಲ."

ಶುಕ್ರವಾರದ ಮಳೆಯನ್ನು ತಾವು ಹಾಗೇ ಹೊತ್ತೊಯ್ದು ಗಟ್ಟಿ ಮಾಡಿಸಿಕೊಂಡು ಬಂದಿದ್ದರು. ಆ ಯಂತ್ರದ ಪಾಲಿಗೆ ಇನ್ನು ಜನ್ಮವಿಡೀ ಮಳೆ. ಷಡ್ಡಕನಿಗೆ ಒಂದು ಫೋನು ಮಾಡಿದ್ದರೆ ಹತ್ತು ನಿಮಿಷದಲ್ಲಿ ಸರಿಹೋಗುತ್ತಿತ್ತು. ಫೋನು ಕೈಗೆತ್ತಿಕೊಂಡರು ಕೂಡ. ಆ 'ಓ' ಕಿವಿಯಲ್ಲಿ ಮೊಳಗಿತು. ಫೋನನ್ನು ಜೇಬಿಗೆ ಹಾಕಿದರು.

ಅಷ್ಟರಲ್ಲಿ ಹೆಡ್‌ಮಿಸ್ ಬಂದರು.

"ಏನ್ರೀ ಮೇಷ್ಟ್ರೇ, ಬಿಸಿಲು ನೆತ್ತಿ ಸುಡ್ತಾ ಇದೆ. ನಿಮ್ಮ ಗಂಟೆ ಮಳೆಗಂಟೆ ಹೊಡೀತಿದೆಯಲ್ಲ?"

ಒಬ್ಬ ಮನುಷ್ಯನ ಜೀವನದಲ್ಲಿ ನಿಜ ಹೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಅಪರೂಪ. ಮೇಷ್ಟ್ರು ಅದನ್ನು ಬಿಟ್ಟುಕೊಟ್ಟರು.

"ಮೇಡಂ, ಇದು ನೇಟಿವ್ ಅಲ್ವಾ. ನೇರವಾಗಿ ಮೆಷಿನ್ ಒಳಗೇ ಮಾತಾಡುತ್ತೆ. ಗಾಳಿಯಲ್ಲಿ ತೇವ ಗೀವ ಇದ್ರೆ ನಮಗಿಂತ ಮುಂಚೆ ಅದಕ್ಕೆ ಗೊತ್ತಾಗಬಹುದು..."

"ಅಂದ್ರೆ ಮಳೆ ಬರುತ್ತೆ ಅಂತ ಮೊದಲೇ ಹೇಳುತ್ತಾ!"

ಮೇಷ್ಟ್ರು ಹೌದೆನ್ನಲಿಲ್ಲ. ಇಲ್ಲವೆನ್ನಲೂ ಇಲ್ಲ. ಮೋಡದ ಕಡೆ ನೋಡುವವರಂತೆ ಒಂದು ಮೋಡವೂ ಇಲ್ಲದ ಆಕಾಶ ನೋಡಿದರು.

ಮಂಗಳವಾರ ಒಣ, ಬುಧವಾರ ಒಣ. ಅಷ್ಟಕ್ಕೇ ನಿಂತಿದ್ದರೆ ಮೇಷ್ಟ್ರು ಸಣ್ಣ ಅವಮಾನದಲ್ಲಿ ಪಾರಾಗುತ್ತಿದ್ದರು. ಆದರೆ ಗುರುವಾರ ಮಧ್ಯಾಹ್ನ, ಎಲ್ಲಿತ್ತೋ ಏನೋ, ಒಂದು ಮೋಡ ಬಂದು ಇಪ್ಪತ್ತು ನಿಮಿಷ ಸುರಿದು ಹೋಯಿತು. ಹೆಡ್‌ಮಿಸ್ ಮೂಗಿನ ಮೇಲೆ ಬೆರಳಿಟ್ಟುಕೊಂಡರು.

"ಮೂರು ದಿನ ಮುಂಚೆ ಹೇಳಿತ್ತು ಕಣ್ರೀ!"

ಅಲ್ಲಿಂದ ಸುದ್ದಿಗೆ ಕಾಲು ಬಂತು. ಶಾಲೆಯ ಎದುರಿನ ಲಾಂಡ್ರಿಯವನು ಊಟದ ಗಂಟೆ ಉದ್ದ ಹೊಡೆದರೆ ತಂತಿಯ ಮೇಲಿನ ಬಟ್ಟೆಯನ್ನೆಲ್ಲ ಬಾಚಿ ಒಳಗೆ ಹಾಕತೊಡಗಿದ. ಗಂಟೆ ದಿನವೂ ಉದ್ದವೇ ಹೊಡೆಯುತ್ತಿದ್ದರಿಂದ ಆ ಬೀದಿಯ ಜನ ಎರಡು ವಾರ ಅರೆಒಣಗಿದ ಅಂಗಿಗಳಲ್ಲೇ ಓಡಾಡಿದರು. ಮನೆಗೆ ಬಣ್ಣ ಬಳಿಯುವವನು ದಾರಿಯಲ್ಲಿ ಅಡ್ಡಹಾಕಿ, "ಸಾರ್, ಹೊರಗೋಡೆಗೆ ನಾಳೆ ಕೈ ಹಾಕ್ಲಾ, ಬ್ಯಾಡ್ವಾ?" ಎಂದು ಕೇಳಿದ. ಮಳೆ ಬಾರದ ದಿನ ಯಾರೂ ಬೇಸರಿಸಲಿಲ್ಲ. "ಬರ್ತಾ ಇತ್ತು, ಗಾಳಿ ತಗೊಂಡು ಹೋಯ್ತು," ಎಂದು ತಾವೇ ಸಮಾಧಾನ ಹೇಳಿಕೊಂಡರು. ನಂಬಬೇಕೆಂದು ಹೊರಟ ಜನರನ್ನು ಬಿಸಿಲು ತಡೆಯಲಾರದು.

ಎಲ್ಲಕ್ಕಿಂತ ಕಷ್ಟವಾದದ್ದು ಮಾವನವರ ಫೋನು.

"ಅಳಿಯಂದ್ರೇ, ಎಲ್ಲಾ ಕೇಳಿದೆ. ಚಿಕ್ಕಳಿಯಂದಿರ ಲಿಫ್ಟು ಬರೀ ಮೇಲೆ ಕೆಳಗೆ ಹೋಗುತ್ತೆ. ನಿಮ್ಮದು ಆಕಾಶದ ತನಕ ಹೋಯ್ತಲ್ರೀ!"

ಈ ಮಾತು ಕೇಳಲು ಮೇಷ್ಟ್ರು ಹದಿನೆಂಟು ವರ್ಷ ಕಾದಿದ್ದರು. ಇಂಥ ಮಾತು ಕಿವಿಗೆ ಬಿದ್ದಮೇಲೆ ನಿಜ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ. ಆದರೆ ಆ ರಾತ್ರಿಯೂಟ ಅವರಿಗೆ ಸೇರಲಿಲ್ಲ. ಶಾಲೆಯ ಮಕ್ಕಳು ಹತ್ತು ದಿನದಿಂದ ಆಟವಾಡಿರಲಿಲ್ಲ. ಮತ್ತೆ ಮೆಟ್ಟಿಲ ಕೆಳಗೆ, ಮಾಡಲು ಏನೂ ಇಲ್ಲದ ಗಂಟೆಯಣ್ಣ ದಿನಕ್ಕೆ ಮೂರು ಸಲ ಕೀಬೋರ್ಡ್ ಒರೆಸುತ್ತಿದ್ದ. ಟೀಚರುಗಳು ಅಭ್ಯಾಸ ತಪ್ಪದೆ, "ಗಂಟೆಯಣ್ಣ, ಇವತ್ತು ಚಿತ್ರದ ಪಿರಿಯಡ್ ಐದು ನಿಮಿಷ..." ಎಂದು ಶುರುಮಾಡಿ, ನೆನಪಾಗಿ, ಮಾತು ನುಂಗಿಕೊಂಡು ಹೋಗುತ್ತಿದ್ದರು.

ಕೊನೆಗೆ ಇಲಾಖೆಯ ಅಧಿಕಾರಿಗಳೇ ಬಂದರು. ಹಿಂದೆ ಒಬ್ಬ ಗುಮಾಸ್ತ, ಅವನ ಕಂಕುಳಲ್ಲಿ ಎರಡು ಕೊಡೆ. ಹೆಡ್‌ಮಿಸ್ ಅಂಗಳದಲ್ಲೇ ಕುರ್ಚಿ ಹಾಕಿಸಿದರು. ಊಟದ ಗಂಟೆ ಉದ್ದ ಹೊಡೆಯಿತು.

"ಅಂದ್ರೆ ಈಗ ಮಳೆ?" ಎಂದರು ಅಧಿಕಾರಿಗಳು.

"ಮಳೆ ಸಾರ್," ಎಂದರು ಮೇಷ್ಟ್ರು.

"ಎಷ್ಟು ಹೊತ್ತಿಗೆ?"

"ಬರುತ್ತೆ ಸಾರ್."

ಗುಮಾಸ್ತ ಕೊಡೆ ಬಿಚ್ಚಿ ಹಿಡಿದ. ಬಿಸಿಲಿಗೆ ಅದೂ ಒಂದು ಉಪಕಾರವೇ ಆಯಿತು. ಒಂದು ಗಂಟೆ ಕಳೆಯಿತು. ಎರಡು ಸುತ್ತು ಟೀ ಆಯಿತು. ಅಧಿಕಾರಿಗಳು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

"ನಲವತ್ತು ಸ್ಕೂಲಿಗೆ ಇದನ್ನೇ ಹಾಕಿಸೋಣ ಅಂತ ಇದೀನಿ. ಮಳೆ ಒಂದು ಸ್ವಲ್ಪ ತೋರಿಸಿಬಿಡಿ, ಬರ್ಕೊಂಡು ಹೋಗ್ತೀನಿ."

ನಲವತ್ತು ಶಾಲೆ! ನಲವತ್ತು ಮೈದಾನದಲ್ಲಿ ನಲವತ್ತು ಜನ ಆಟದ ಮೇಷ್ಟ್ರು ಸೀಟಿ ಕಟ್ಟಿಕೊಂಡು ಒಂಟಿಯಾಗಿ ನಿಂತ ಹಾಗೆ ಮೇಷ್ಟ್ರ ಕಣ್ಣಿಗೆ ಕಂಡಿತು. ಅಧಿಕಾರಿಗಳು ಕಾಲಾಡಿಸಲು ಎದ್ದು, ಯಂತ್ರ ನೋಡಲು ಮೆಟ್ಟಿಲ ಕೆಳಗೆ ಬಗ್ಗಿದರು. ಗಂಟೆಯಣ್ಣ ಎದ್ದು ನಿಂತ.

"ನಿಂದು ಏನಪ್ಪಾ ಕೆಲಸ?"

"ಮೊದಲು ಗಂಟೆ ನೋಡ್ಕೊಳ್ತಿದ್ದೆ ಸಾರ್. ಈಗ ಅದು ತನ್ನನ್ನ ತಾನೇ ನೋಡ್ಕೊಳ್ಳುತ್ತೆ. ನಾನು ಸುಮ್ನೆ ಕೂತಿರ್ತೀನಿ. ಇನ್ನು ಎಂಟು ದಿನ ತಾನೆ, ಕಳೆದುಹೋಗುತ್ತೆ ಬಿಡಿ."

ಅವನು ದೂರುತ್ತಿರಲಿಲ್ಲ. ಅದನ್ನೇ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಮೂವತ್ತೊಂದು ವರ್ಷ ದುಡಿದ ಮನುಷ್ಯನ ಕೊನೆಯ ತಿಂಗಳನ್ನು ತಾವು ಊಟದ ಮೇಜಿನ ಒಂದು ಅಕ್ಷರಕ್ಕಾಗಿ ಕಿತ್ತುಕೊಂಡಿದ್ದರು.

"ಸಾರ್, ಮಳೆ ಬರಲ್ಲ!" ಎಂದು ಕೂಗಿಯೇಬಿಟ್ಟರು. "ಅದಕ್ಕೆ ಏನೂ ಗೊತ್ತಾಗಲ್ಲ. ಹಳೇ ಶುಕ್ರವಾರದ ಮಳೇನ ನಾನೇ ಒಳಗೆ ಕೂಡಿಹಾಕಿದೀನಿ. ಗಾಳಿಯಲ್ಲಿ ತೇವ ಅಂದದ್ದೂ ಸುಳ್ಳು. ಎಲ್ಲಾ ನನ್ನದೇ ತಪ್ಪು!"

ಹೆಡ್‌ಮಿಸ್ ಕುರ್ಚಿಯಲ್ಲಿ ಕುಸಿದರು. ಕಾಂಪೌಂಡಿನಾಚೆಯಿಂದ ಇಣುಕುತ್ತಿದ್ದ ಲಾಂಡ್ರಿಯವನು, "ಅಯ್ಯೋ ನನ್ನ ಬಟ್ಟೆಗಳೇ" ಎಂದ. ಅಧಿಕಾರಿಗಳು ಮಾತ್ರ ಅಲುಗಲಿಲ್ಲ. ಇಲಾಖೆಯಲ್ಲಿ ಇಪ್ಪತ್ತೈದು ವರ್ಷ ಕಳೆದವರು ಅವರು.

"ಮಳೆ ಇಲ್ಲ ಅಂತ ಬರವಣಿಗೆಯಲ್ಲಿ ಕೊಡಿ," ಎಂದರು. "ಇಲ್ಲದಿದ್ರೆ ಕೊಡೆ ಯಾಕೆ ತಂದ್ರಿ ಅಂತ ನನ್ನ ಕೇಳ್ತಾರೆ."

ಅವರ ಜೀಪು ಹೋದ ಮೇಲೆ ಮೇಷ್ಟ್ರು ಷಡ್ಡಕನಿಗೆ ಫೋನು ಮಾಡಿದರು. ಹೇಗೂ ಮಾನ ಹೋಗಿತ್ತು, ಇನ್ನು ಹೋಗುವುದು ಬಾಕಿಯಿರಲಿಲ್ಲ. ಎಲ್ಲವನ್ನೂ ಕೇಳಿ ಷಡ್ಡಕ ನಕ್ಕ.

"ಮಳೆ ಹೌದು ಅಂತ ಇತ್ತಲ್ಲ ಭಾವ, ನಾನೂ ಹಾಗೇ ಇಳಿಸಿದೆ. ಯಾವಾಗಲೂ ಮಳೆನೇ ಅಂದಮೇಲೆ ಬಿಸಿಲಿನ ಸಾಲುಗಳು ಯಾಕೆ ಅಂತ ಕಂಪೈಲರ್ ಅವನ್ನೆಲ್ಲ ಕಿತ್ತು ಬಿಸಾಕಿರುತ್ತೆ. ಬಹಳ ಜಾಣ ಅದು."

"ಹಾಗಾದ್ರೆ ನಿಮ್ಮ ಲಿಫ್ಟಲ್ಲಿ ಏನಾದ್ರೂ ಬದಲಾದ್ರೆ ಏನು ಮಾಡ್ತೀರಿ?"

"ಮೋಟಾರು, ಬ್ರೇಕು ನೇಟಿವ್. ಯಾವ ಮಹಡಿಗೆ ಯಾವಾಗ ನಿಲ್ಲಬೇಕು, ಬಾಗಿಲು ಎಷ್ಟು ಹೊತ್ತು ತೆಗೆದಿರಬೇಕು, ಅದೆಲ್ಲ ಸ್ಕ್ರಿಪ್ಟು. ದಿನಾ ಬದಲಾಗುತ್ತಲ್ಲ. ಯಾರು ಕೂತು ಕಂಪೈಲ್ ಮಾಡ್ತಾರೆ?"

ಮೇಷ್ಟ್ರು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡರು.

"ಅವತ್ತು ಊಟದ ಹೊತ್ತಲ್ಲಿ ಇದನ್ನ ಹೇಳಲಿಲ್ಲ?"

"ನೀವು ಕೇಳಲಿಲ್ಲ ಭಾವ."

ಮೇಷ್ಟ್ರು ಅಲ್ಲೇ ಬಿಟ್ಟುಬಂದಿದ್ದ ಹಳೆಯ ಫೈಲಿನ ಪೆನ್‌ಡ್ರೈವಿಗೆ ಷಡ್ಡಕ ಮಗಳ ಡ್ಯಾನ್ಸಿನ ಹಾಡು ತುಂಬಿಸಿಬಿಟ್ಟಿದ್ದ. ಉಳಿದದ್ದು ಅವನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಪ್ರತಿ ಮಾತ್ರ. ಅದರಲ್ಲಿ ಸಾಲುಗಳೆಲ್ಲ ಇದ್ದವು, ಪಕ್ಕದ ಮಾತುಗಳಿರಲಿಲ್ಲ. ಕಂಪೈಲರಿಗೆ 'ಯಾಕೆ' ಬೇಡ ಎಂದು ಅವನು ಅವನ್ನೆಲ್ಲ ತೆಗೆದುಹಾಕಿದ್ದ.

ಮರುದಿನ ಶಾಲೆ ಬಿಟ್ಟ ಮೇಲೆ ಎಲ್ಲರೂ ಸ್ಟಾಫ್ ರೂಮಿನಲ್ಲಿ ಸೇರಿದರು. ಮೇಷ್ಟ್ರು ಎಂಜಿನ್ನನ್ನು ಮತ್ತೆ ಕೂರಿಸಿ, ಮಾನಿಟರನ್ನು ಮೇಜಿನ ಮೇಲಿಟ್ಟರು. ಅವರು ಸಾಲು ಓದುವುದು, ಅದು ಯಾರದ್ದೋ ಅವರು ಕಾರಣ ಹೇಳುವುದು, ಗಂಟೆಯಣ್ಣ ಎರಡು ಬೆರಳಲ್ಲಿ ಪಕ್ಕದಲ್ಲಿ ಬರೆಯುವುದು.

"ಬುಧವಾರ ಎರಡು ನಿಮಿಷ ಹೆಚ್ಚು?"

"ನಂದು," ಎಂದರು ಚಿತ್ರದ ಟೀಚರ್. "ಬ್ರಷ್ ತೊಳೆಯೋಕೆ. ಯಾರೋ ಒಬ್ಬ ತೊಳೀದೆ ಹೋಗಿ ಮೂವತ್ತು ಬ್ರಷ್ ಗಟ್ಟಿಯಾಗಿತ್ತು, ಆ ವರ್ಷ."

"ಏಳನೇ ಕ್ಲಾಸಿಗೆ ಕೊನೇ ಗಂಟೆ ಎರಡು ಸಲ. ಇದು ಯಾಕೆ?" ಎಂದು ಲೆಕ್ಕದ ಮೇಷ್ಟ್ರೇ ಕೇಳಿದರು.

"ನಿಮಗೇ ಸಾರ್," ಎಂದಳು ಅಡುಗೆಯಾಕೆ. "ಒಂದು ಸಲ ಹೊಡೆದ್ರೆ ನೀವು ಮಕ್ಕಳನ್ನ ಬಿಟ್ಟಿದ್ದುಂಟಾ?"

ಹಿಂದಿನ ಕಟ್ಟಡದಲ್ಲಿ ಗಂಟೆಗೆ ಅರ್ಧ ದನಿ. ಒಂದನೇ ಕ್ಲಾಸಿನ ಒಂದು ಹುಡುಗಿ ಗಂಟೆಯಾದಾಗಲೆಲ್ಲ ಕಿವಿ ಮುಚ್ಚಿಕೊಂಡು ಅಳುತ್ತಿದ್ದಳಂತೆ. ಅವಳು ಶಾಲೆ ಮುಗಿಸಿ ಹೋಗಿ ನಾಲ್ಕು ವರ್ಷವಾಗಿತ್ತು. ತೆಗೆಯೋಣವೇ ಎಂದು ಮೇಷ್ಟ್ರು ಕೇಳಿದರು. "ಇರಲಿ ಬಿಡಿ, ಅಂಥದ್ದೇ ಇನ್ನೊಂದು ಮಗು ಬರಬಹುದು," ಎಂದರು ಹೆಡ್‌ಮಿಸ್. ಹನ್ನೊಂದೂ ಐದಕ್ಕೆ ಸ್ಟಾಫ್ ರೂಮಿನಲ್ಲಿ ಮಾತ್ರ ಒಂದು ಚಿಕ್ಕ ಗಂಟೆ. ಅದು ಲೈಬ್ರರಿ ಸಾರ್ ಗುಳಿಗೆ ತೆಗೆದುಕೊಳ್ಳಲೆಂದು ಹಾಕಿಸಿಕೊಂಡದ್ದು. ಅವರು ತೀರಿಕೊಂಡು ಐದು ವರ್ಷವಾದರೂ ಆ ಗಂಟೆಗೇ ಎಲ್ಲರೂ ಟೀ ಕುಡಿಯುತ್ತಿದ್ದರು, ಯಾಕೆಂದು ಮರೆತೇಹೋಗಿತ್ತು. ಆಮೇಲೆ ಆಟದ ಮೇಷ್ಟ್ರು ಲೈಬ್ರರಿ ಸಾರ್ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಶಾಲೆಯೆಲ್ಲ ಹುಡುಕಿದ ಕಥೆ ತೆಗೆದರು. ಕೋಣೆ ತುಂಬ ನಗು, ಹಳೆಯ ದಿನಗಳ ಮಾತು. ಒಂದೊಂದು ಸಾಲಿನ ಹಿಂದೆಯೂ ಒಬ್ಬರಿದ್ದರು. ಮೇಷ್ಟ್ರಿಗೆ, ಹದಿನಾಲ್ಕು ವರ್ಷ ತಾನು ಇದೇ ಶಾಲೆಯಲ್ಲಿದ್ದೆನೇ ಎಂದು ಅನುಮಾನ ಬಂತು.

"ಇದೇನು, 'ತಡೆ = ಇಲ್ಲ'? ಬೆಳಗಿನ ಮೊದಲ ಗಂಟೆಗೆ ಇದೆ."

ನಗು ನಿಂತಿತು. ಚಿತ್ರದ ಟೀಚರ್ ಕೆಮ್ಮಿದರು. ಲೆಕ್ಕದ ಮೇಷ್ಟ್ರು ಫ್ಯಾನ್ ನೋಡತೊಡಗಿದರು. ಗಂಟೆಯಣ್ಣ ಬೆರಳು ಕೀಬೋರ್ಡಿನ ಮೇಲಿಟ್ಟುಕೊಂಡೇ ಕೂತ.

"ಅದು ನಿಮ್ಮದು ಮೇಷ್ಟ್ರೇ," ಎಂದ ಕೊನೆಗೆ. "ನೀವು ಗೇಟು ದಾಟೋದು ಯಾವಾಗಲೂ ಎರಡು ಮೂರು ನಿಮಿಷ ತಡ. ಮೊದಲ ಗಂಟೆ ಆದಮೇಲೆ ಬಂದ್ರೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ. ಗಂಟೆ ಕೊಟ್ಟೋರಿಗೇ ಕೆಂಪು ಗೆರೆ ಹಾಕೋದು ಸರಿಯಲ್ಲ ಅಂತ, ಬೆಳಗ್ಗೆ 'ತಡೆ ಹೌದು' ಅಂತ ಹಾಕಿ ಕಿಟಕೀಲಿ ನೋಡ್ತಿದ್ದೆ. ನಿಮ್ಮ ಸ್ಕೂಟರ್ ಒಳಗೆ ಬಂದ ತಕ್ಷಣ 'ಇಲ್ಲ' ಮಾಡ್ತಿದ್ದೆ."

ಹೊಸ ಗಂಟೆ ಬಂದಾಗಿನಿಂದ ತಮಗೆ ಹದಿನಾಲ್ಕು ಕೆಂಪು ಗೆರೆ ಯಾಕೆ ಬಿದ್ದಿದ್ದವೆಂದು ಮೇಷ್ಟ್ರಿಗೆ ಆಗ ತಿಳಿಯಿತು. ಸ್ಕೂಟರನ್ನು ಬೈದಿದ್ದರು, ಹೆಂಡತಿಯನ್ನು ಬೈದಿದ್ದರು, ಟ್ರಾಫಿಕ್ಕನ್ನು ಬೈದಿದ್ದರು. ಒಂದು ದಿನವೂ ತಪ್ಪದ ಗಂಟೆ ಎಂದು ತಾವು ಊರೆಲ್ಲ ಹೇಳಿಕೊಂಡು ತಿರುಗಿದ ಗಂಟೆ ಅವರಿಗಾಗಿ ಹದಿನಾಲ್ಕು ವರ್ಷ ದಿನವೂ ತಪ್ಪಿತ್ತು. ಅವರ ಕಣ್ಣು ತುಂಬಿಬಂತು. ಹೆಡ್‌ಮಿಸ್ ಎಲ್ಲವನ್ನೂ ಕೇಳಿಸಿಕೊಂಡೂ ಕೇಳಿಸದವರಂತೆ ಕಿಟಕಿಯಾಚೆ ನೋಡಿದರು.

ಆ ಉಳಿದ ವಾರ ಗಂಟೆಯಣ್ಣ ಬೆಳಗ್ಗೆ ಬಂದು ಫೈಲು ತೆರೆದ, ತಿದ್ದಿದ, ಚೊಕ್ಕ ಮಾಡಿದ. ಮಕ್ಕಳು ಮೈದಾನಕ್ಕಿಳಿದರು. ಫೈಲನ್ನು ಯಾರ ಕೈಗೆ ಒಪ್ಪಿಸುವುದೆಂಬ ಪ್ರಶ್ನೆ ಬಂದಾಗ ಮೇಷ್ಟ್ರೇ ಕೈ ಚಾಚಿದರು.

ಕೊನೆಯ ದಿನ ಮೂರೂವರೆಗೆ ಎಲ್ಲರ ಬೀಳ್ಕೊಡುಗೆಯ ಮಾತು ಮುಗಿಯಿತು. ಮೇಷ್ಟ್ರಿಗೊಂದು ಯೋಚನೆ ಬಂದಿತ್ತು. ಇಷ್ಟು ವರ್ಷ ತನಗಾಗಿ ಕಾದ ಗಂಟೆ ಇವತ್ತು ಒಂದು ಸಲ ಗಂಟೆಯಣ್ಣನಿಗಾಗಿ ಕಾಯಲಿ. ಅವನು ಎಲ್ಲರಿಗೂ ಹೇಳಿ, ನಿಧಾನವಾಗಿ ಗೇಟು ದಾಟಲಿ, ಆಮೇಲೆ ಸಂಜೆಯ ಗಂಟೆ ಬಾರಿಸಲಿ. ಮೆಟ್ಟಿಲ ಕೆಳಗಿನ ಸ್ಟೂಲಿನಲ್ಲಿ ಕೂತು, ಸಂಜೆಯ ಗಂಟೆಗೂ 'ತಡೆ = ಹೌದು' ಎಂದು ಹಾಕಿ, ಕಿಟಕಿಯಲ್ಲಿ ಕಣ್ಣಿಟ್ಟರು.

ನಾಲ್ಕು ಹೊಡೆಯಬೇಕಾದ ಹೊತ್ತಾಯಿತು. ಗಂಟೆಯಣ್ಣ ಕೈಯಲ್ಲೊಂದು ಚೀಲ ಹಿಡಿದು ಗೇಟಿನ ತನಕ ಹೋದ. ಹೋಗಿ ನಿಂತುಬಿಟ್ಟ. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಮೇಷ್ಟ್ರು ಕಿಟಕಿಯಿಂದ ಹೋಗಿ ಹೋಗಿ ಎಂದು ಕೈಬೀಸಿದರು. ಅವನು ಅಲ್ಲಿಂದಲೇ ಕಿವಿ ಮುಟ್ಟಿ ತೋರಿಸಿದ. ಗಂಟೆ ಎಲ್ಲಿ?

ಮೂವತ್ತೊಂದು ವರ್ಷದಲ್ಲಿ ಸಂಜೆಯ ಗಂಟೆ ಆಗುವ ಮುಂಚೆ ಅವನು ಒಂದು ದಿನವೂ ಗೇಟು ದಾಟಿದವನಲ್ಲ. ಅವನು ದಾಟದೆ ಗಂಟೆಯಿಲ್ಲ, ಗಂಟೆಯಾಗದೆ ಅವನು ದಾಟುವುದಿಲ್ಲ. ಇಡೀ ಶಾಲೆ ಚೀಲ ಹೆಗಲಿಗೇರಿಸಿಕೊಂಡು ಕೂತಿತ್ತು. ಹೊರಗೆ ತಾಯಂದಿರು ಗಡಿಯಾರ ನೋಡುತ್ತಿದ್ದರು. ಏಳನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರು ಮಾತ್ರ ಪರಮಾನಂದದಿಂದ ಇನ್ನೊಂದು ಲೆಕ್ಕ ಶುರುಮಾಡಿದ್ದರು.

ಮೇಷ್ಟ್ರು ಫೈಲಿಗೆ ಹೋಗಿ 'ಹೌದು' ಅಳಿಸಿ 'ಇಲ್ಲ' ಎಂದು ಬರೆದರು. ಸೇವ್ ಮಾಡಲು ಕೈ ಬರಲಿಲ್ಲ. ಅದೊಂದು ಕೀಲಿ ಒತ್ತದೇ ಇರುವಷ್ಟು ಹೊತ್ತು ಗಂಟೆಯಣ್ಣ ಈ ಶಾಲೆಯವನೇ. ಒತ್ತಿದರೆ ಹೋಗಿಬಿಡುತ್ತಾನೆ. ಬೆರಳು ಅಲ್ಲೇ ಇಟ್ಟುಕೊಂಡು ಕೂತರು.

ಗೇಟಿನಿಂದ ಕೂಗು ಕೇಳಿಸಿತು.

"ಮೇಷ್ಟ್ರೇ, ಮಕ್ಕಳಿಗೆ ಹಸಿವಾಗಿರುತ್ತೆ. ಸೇವ್ ಮಾಡಿ!"

ಮೇಷ್ಟ್ರು ಮೂಗೊರೆಸಿಕೊಂಡು ಕೀಲಿ ಒತ್ತಿದರು. ಎಂಜಿನ್ ಮತ್ತೆ ಫೈಲು ಓದಲು ಬರುವುದಕ್ಕೆ ತನ್ನ ಹತ್ತು ಸೆಕೆಂಡು ತೆಗೆದುಕೊಂಡಿತು. ನೇಟಿವ್ ಆಗಿದ್ದರೆ ಆ ಹತ್ತು ಸೆಕೆಂಡೂ ಸಿಗುತ್ತಿರಲಿಲ್ಲ. ಗಂಟೆ ಬಾರಿಸಿತು. ಗಂಟೆಯಣ್ಣ ಅದು ಮುಗಿಯುವವರೆಗೂ ನಿಂತು ಕೇಳಿ, ಮಕ್ಕಳ ನೂಕುನುಗ್ಗಲಿನಲ್ಲಿ ತಾನೂ ಒಬ್ಬನಾಗಿ ಗೇಟು ದಾಟಿ ಹೋದ.